ಹತ್ತನೇ ಹಾಳೆ ಖಾಲಿ ಇದೆ

ನನ್ನ ಮಗಳ ಹರ್ಬೇರಿಯಂ ಫೈಲಿನಲ್ಲಿ ಹತ್ತು ಹಾಳೆಗಳಿವೆ. ಒಂಬತ್ತರಲ್ಲಿ ಒಣಗಿಸಿ ಅಂಟಿಸಿದ ಎಲೆಗಳು. ಹತ್ತನೆಯದರಲ್ಲಿ ಏನೂ ಇಲ್ಲ. ಕೆಳಗೆ ಲೇಬಲ್ ಮಾತ್ರ ಇದೆ. ಗಿಡದ ಹೆಸರು, ಸಿಕ್ಕಿದ ಸ್ಥಳ, ತಾರೀಖು.

ಆ ಖಾಲಿ ಹಾಳೆಗೆ ಕಾರಣ ನಾನು. ಬಾಟನಿ ಓದಿದ ಅಪ್ಪ!

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. (ಈ ಮಾತನ್ನು ಈ ಅಂಕಣದಲ್ಲಿ ಎಷ್ಟನೇ ಸಲ ಹೇಳುತ್ತಿದ್ದೇನೋ. ಸಹಿಸಿಕೊಳ್ಳಿ.) ನಾನು ಸ್ಲೇಟು ಹಿಡಿದು ಸ್ಕೂಲಿಗೆ ಹೋದಾಗ ನನ್ನ ಅಕ್ಕ ಕೋಲು ಹಿಡಿದು ಮೇಕೆಗಳ ಹಿಂದೆ ಹೋದಳು. ಆ ಮೇಕೆಗಳನ್ನು ಮಾರಿಯೇ ನನ್ನನ್ನು ಓದಿಸಿದರು. ಹಾಗಾಗಿ ನಮ್ಮ ಮನೆಯಲ್ಲಿ ಮಾರ್ಕ್ಸ್ ಅಂದರೆ ತಮಾಷೆಯ ವಿಷಯವಲ್ಲ.

ಮಗಳು ಸಿಂಚನಾ ಎಂಟನೇ ಕ್ಲಾಸು. ಫೈಲಿನ ಒಂದೊಂದು ಹಾಳೆಗೂ ಎರಡೆರಡು ಮಾರ್ಕ್ಸ್. ಅವಳು ಕ್ಲಾಸಿಗೆ ಫಸ್ಟ್ ಬರುತ್ತಾಳೆ, ನಿಜ. ಆದರೆ ಎರಡನೆಯವಳು ಒಂದೋ ಎರಡೋ ಮಾರ್ಕ್ಸಿನಷ್ಟೇ ಹಿಂದೆ. ಸೋಮವಾರ ಫೈಲು ಕೊಡಬೇಕು. ಶನಿವಾರ ಸಂಜೆಗೆ ಒಂಬತ್ತೇ ಎಲೆ ಆಗಿದ್ದವು.

ಹತ್ತನೆಯದಕ್ಕೆ ಮನೆ ಮುಂದಿನ ಬೇವು ಸಾಕು ಅಂದಳು. ದೆಹಲಿಯ ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ಬೇವು, ನೇರಳೆ, ಅರಳಿ ಯಾರ ಫೈಲಿನಲ್ಲಿ ಇರುವುದಿಲ್ಲ ಹೇಳಿ? ಯಾರ ಹತ್ತಿರವೂ ಇಲ್ಲದ್ದು ತರೋಣ, ಇಸ್ತ್ರಿ ಪೆಟ್ಟಿಗೆಯಲ್ಲಿ ಒತ್ತಿ ಒಂದೇ ದಿನದಲ್ಲಿ ಒಣಗಿಸಿಕೊಡುತ್ತೇನೆ ಅಂದೆ. ಆಸೆ ಅವಳದಲ್ಲ. ನನ್ನದು.

ದೆಹಲಿ ಅಂದರೆ ನಿಮಗೆ ಪಾರ್ಲಿಮೆಂಟು, ಫ್ಲೈಓವರು, ಟ್ರಾಫಿಕ್ಕು. ಆದರೆ ಅರಾವಳಿ ಬೆಟ್ಟಸಾಲಿನ ಬಾಲ ಬಂದು ಮುಗಿಯುವುದು ಈ ಊರಿನೊಳಗೇ. ಅದರಾಚೆ ಮರುಭೂಮಿ. ಮೇ ತಿಂಗಳಲ್ಲಿ ನಮ್ಮ ಕಿಟಕಿಯ ಮೇಲೆ ಬೆರಳಾಡಿಸಿದರೆ ಅಂಟುವುದು ರಾಜಸ್ಥಾನ! ಐದಾರು ವರ್ಷದಿಂದ ಭಾನುವಾರ ಬೆಳಿಗ್ಗೆ ಅಪ್ಪ, ಮಗಳು ಈ ಗುಡ್ಡಗಳ ಕಾಲುದಾರಿ ಹಿಡಿಯುತ್ತೇವೆ. ಮೆಹ್ರೌಲಿ ಪಕ್ಕದ ಕಾಡು, ಸುಲ್ತಾನಪುರದ ಹಕ್ಕಿಗಳ ಕೆರೆ, ಕಲ್ಲು ತೆಗೆದು ಬಿಟ್ಟ ಹೊಂಡಗಳಲ್ಲಿ ನಿಂತ ನೀಲಿ ನೀರು, ಎಲ್ಲ ನೋಡಿದ್ದೇವೆ. ಎಲ್ಲಿ ಹೋದರೂ ಒಂದೇ ಮುಳ್ಳುಮರ. ಇಲ್ಲಿಯವರು ವಿಲಾಯತಿ ಕೀಕರ್ ಅನ್ನುತ್ತಾರೆ. ನಮ್ಮ ಬಳ್ಳಾರಿ ಜಾಲಿಯೇ ಅದು. (ದೆಹಲಿಯಲ್ಲಿ ಅತಿ ದೊಡ್ಡ ಕನ್ನಡ ಸಂಘ ಅದರದ್ದೇ ಇರಬೇಕು.)

ಜಾಲಿ ಬಿಟ್ಟರೆ ಇನ್ನೊಂದು ಕುರುಚಲು ಗಿಡ. ಬಂಡೆಗೆ ಚಾಪೆ ಹಾಸಿದ ಹಾಗೆ ಹಬ್ಬಿರುತ್ತದೆ. ಮೊಣಕಾಲಿಗೂ ಬಾರದ ಎತ್ತರ, ಪುಟ್ಟ ಪುಟ್ಟ ಎಲೆ. ಅದರ ಪಕ್ಕದಲ್ಲೇ ಕೂತು ಎಷ್ಟೋ ಸಲ ಚಿತ್ರಾನ್ನ ತಿಂದಿದ್ದೇವೆ. ಹೆಸರೇನು ಅಂತ ನೋಡುವ ಗೋಜಿಗೂ ನಾನು ಹೋಗಿರಲಿಲ್ಲ. ಮೇಕೆ ತಿಂದು ಬಿಟ್ಟ ಗಿಡಕ್ಕೆ ಎಂಥ ಹೆಸರು?

ನಮ್ಮ ಆಫೀಸಿನ ಡ್ರೈವರ್ ಒಬ್ಬರು ಫರೀದಾಬಾದ್ ಕಡೆಯವರು. ತಮ್ಮೂರಿನ ಹತ್ತಿರ ಒಂದು ‘ಬನಿ’ ಇದೆ, ನಿಮ್ಮಂಥವರು ನೋಡಬೇಕು ಅಂದಿದ್ದರು. ನಮ್ಮ ಕಡೆಯ ದೇವರಕಾಡಿನ ಹಾಗೆ, ಒಬ್ಬ ಸಂತನ ಹೆಸರಿಗೆ ಬಿಟ್ಟ ಕಾಡು. ಭಾನುವಾರ ನಮ್ಮ ಸೆಕೆಂಡ್ ಹ್ಯಾಂಡ್ ಮಾರುತಿ ಆ ಗುಡ್ಡದ ರಸ್ತೆಯಲ್ಲಿ ಏದುಸಿರು ಬಿಡುತ್ತ ಹೊರಟಿತು.

ಕಾಡಿಗೆ ಇಳಿಯುವ ದಾರಿಯ ತುದಿಯಲ್ಲಿ ಬೇವಿನ ಕೆಳಗೆ ಹಗ್ಗದ ಮಂಚ. ಮೇಲೊಬ್ಬ ಮುದುಕ. ಸುತ್ತ ಹತ್ತಿಪ್ಪತ್ತು ಮೇಕೆ. ನಾನು ಅವರನ್ನು ತಾಊಜಿ ಅಂದೆ. (ಇಲ್ಲಿ ಹಳ್ಳಿಯ ಹಿರಿಯರನ್ನು ಹಾಗೆ ಕರೆದರೆ ಮಾತು ಸಲೀಸು. ದೊಡ್ಡಪ್ಪ ಅಂದ ಹಾಗೆ.) ಅವರು ಒಂದೇ ನಿಯಮ ಹೇಳಿದರು. ನೋಡಿ, ಕೂತುಕೊಳ್ಳಿ, ಎಷ್ಟು ಹೊತ್ತು ಬೇಕಾದರೂ ಇರಿ. ಒಳಗಿಂದ ಏನನ್ನೂ ತರಬೇಡಿ. ಒಣ ಕಡ್ಡಿ ಕೂಡ. ಎಲ್ಲ ಬಾಬಾನದು.

ಆಯ್ತು ಅಂದೆ. ಮಗಳ ಎದುರಿಗೇ ಅಂದೆ.

ಇಳಿದೆವು. ಇಪ್ಪತ್ತು ಹೆಜ್ಜೆಗೆ ಬಿಸಿಲು ಹಿಂದೆ ಉಳಿಯಿತು. ನಲವತ್ತು ಹೆಜ್ಜೆಗೆ ರಸ್ತೆಯ ಲಾರಿಗಳ ಸದ್ದು ನಿಂತಿತು. ಕಣಿವೆಯ ತುಂಬ ಮರಗಳು. ನಮ್ಮ ಕ್ವಾರ್ಟರ್ಸಿನ ಎರಡನೇ ಮಹಡಿಗೆ ಮುಟ್ಟುವಷ್ಟು ಎತ್ತರ. ಬೂದು ಕಾಂಡ, ತಲೆ ಬಾಚಲು ಬಿಚ್ಚಿಬಿಟ್ಟ ಕೂದಲಿನಂತೆ ಇಳಿಬಿದ್ದ ಕೊಂಬೆಗಳು. ಬೇರುಗಳು ಬಂಡೆಯ ಬಿರುಕನ್ನೇ ಹುಡುಕಿ ಇಳಿದಿದ್ದವು. ಒಂದು ಬಳ್ಳಾರಿ ಜಾಲಿಯೂ ಕಾಣಲಿಲ್ಲ. ಸದಾ ಬಾಯಿಬಡುಕಿಯಾದ ಸಿಂಚನಾ ಪಿಸುಮಾತಿನಲ್ಲಿ, “ಪಪ್ಪಾ, ಇದು ಸಚ್ ಮೇ ಡೆಲ್ಲಿ ಹತ್ರಾನೇ ಇದೆಯಾ?” ಅಂದಳು.

ಇಂಥ ಮರವನ್ನು ನಾನೆಲ್ಲೂ ನೋಡಿರಲಿಲ್ಲ. ಒಂದು ಕೊಂಬೆಯನ್ನು ಹತ್ತಿರಕ್ಕೆ ಎಳೆದು ಎಲೆ ನೋಡಿದೆ.

ಅದೇ ಎಲೆ. ನಾವು ಪಕ್ಕದಲ್ಲಿ ಕೂತು ಚಿತ್ರಾನ್ನ ತಿಂದ ಚಾಪೆ ಗಿಡದ ಎಲೆ!

ಮತ್ತೆ ಮತ್ತೆ ನೋಡಿದೆ. ಎಲೆಯ ನರ, ಎಲೆ ಕೂರುವ ರೀತಿ, ಎಲ್ಲ ಅದೇ. ಇಲ್ಲಿಯವರು ಧೌ ಅನ್ನುವ ಮರ ಅಂತ ಆಮೇಲೆ ಗೊತ್ತಾಯಿತು. ನಮ್ಮ ಕಡೆಯ ದಿಂಡಿಗ ಮರದ ಹತ್ತಿರದ ನೆಂಟ. ಹೊರಗಿನ ಗುಡ್ಡಗಳಲ್ಲಿ ಮೇಕೆಗಳು ಚಿಗುರಿದ್ದನ್ನೆಲ್ಲ ಮೇಯುತ್ತವೆ. ಅದು ಸಾಯದೆ, ಬೆಳೆಯದೆ, ನೆಲಕ್ಕೆ ಅಂಟಿಕೊಂಡು ಬದುಕುತ್ತದೆ. ಇಲ್ಲಿ ಯಾರೂ ಮುಟ್ಟದೆ ಬಿಟ್ಟಿದ್ದಾರೆ. ಬಿಟ್ಟದ್ದಕ್ಕೆ ಇಷ್ಟೆತ್ತರ. ಐದಾರು ವರ್ಷ ನಾನು ಕುರುಚಲು ಅಂದುಕೊಂಡು ದಾಟಿ ಹೋದದ್ದು ಮರವನ್ನು.

ಆ ಬೆರಗಿನಲ್ಲಿ ನಿಂತವನ ಕೈ ಏನು ಮಾಡಿತು ಗೊತ್ತೇ? ಬಾಟನಿ ಓದಿದವರ ಕೈಗೆ ಒಂದೇ ಅಭ್ಯಾಸ. ಹೊಸ ಗಿಡ ಕಂಡರೆ ಮೊದಲು ಮುರಿ, ಆಮೇಲೆ ಹೆಸರು ಹುಡುಕು. ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದು ಅದನ್ನೇ. ಮಗಳು ಮುಂದೆ ಹೋಗಿದ್ದಳು. ಎಲೆಗಳಿದ್ದ ಬೆರಳುದ್ದದ ಟೊಂಗೆಯೊಂದು ಸದ್ದಿಲ್ಲದೆ ನನ್ನ ಅಂಗಿಯ ಜೇಬು ಸೇರಿತು.

ವಾಪಸ್ ಬಂದಾಗ ತಾಊಜಿ ಕೇಳಿದ್ದು ಒಂದೇ ಪ್ರಶ್ನೆ. ಏನೂ ತಂದಿಲ್ಲ ತಾನೆ?

ಸುಮ್ಮನೆ ಇಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ದೆಹಲಿಯ ಸರ್ಕಾರಿ ನೌಕರರಿಗೆ ಒಂದು ಕಾಯಿಲೆ ಇದೆ. ಯಾರಾದರೂ ಅನುಮಾನದಿಂದ ನೋಡಿದರೆ ಸಾಕು, ಐ-ಕಾರ್ಡ್ ತೆಗೆಯುತ್ತೇವೆ. ಗೇಟಿನ ಗಾರ್ಡಿಗೆ, ಟ್ರಾಫಿಕ್ ಪೊಲೀಸರಿಗೆ, ಒಮ್ಮೆ ನಾನು ತರಕಾರಿ ಭಯ್ಯಾನಿಗೂ ತೋರಿಸಿದ್ದೇನೆ. ನಾನು ಗವರ್ನಮೆಂಟ್ ಆಫೀಸರ್, ಕಳ್ಳ ಅಂದುಕೊಂಡಿರಾ ಅಂತ ಜೇಬಿನಿಂದ ಐ-ಕಾರ್ಡ್ ಎಳೆದೆ.

ಅದರ ಜೊತೆಗೇ ಟೊಂಗೆಯೂ ಹೊರಬಂತು. ಅಶೋಕ ಲಾಂಛನದ ಪಕ್ಕದಲ್ಲಿ ಎಲೆಗಳು.

ತಾಊಜಿ ಕೂಗಾಡಲಿಲ್ಲ. ಶಾಪ ಹಾಕಲಿಲ್ಲ. ಮಂಚದ ಸುತ್ತ ನಿಂತಿದ್ದ ಮೇಕೆಗಳ ಕಡೆ ಕೈ ತೋರಿಸಿದರು.

“ಸಾಹೇಬರೇ, ಇವು ಹುಟ್ಟಿದಾಗಿನಿಂದ ಆ ಹಸಿರನ್ನು ನೋಡ್ತಾ ನಿಂತಿವೆ. ಒಂದು ದಿನ ಒಳಗೆ ಬಿಟ್ಟಿಲ್ಲ. ನಿಮ್ಮನ್ನ ಬಿಟ್ಟರೆ ಇವಕ್ಕೆ ನಾನೇನು ಹೇಳಲಿ?”

ಈ ಮಾತಿಗೆ ನಗಬಹುದು. ನನಗೆ ನಗು ಬರಲಿಲ್ಲ. ಮೇಕೆ ಸಾಕಿದ ಮನೆಯವನು ನಾನು. ಹಸಿದ ಮೇಕೆಯನ್ನು ಹಸಿರಿನ ಎದುರಿಗೆ ತಡೆದು ನಿಲ್ಲಿಸುವುದು ಅಂದರೇನು ಅಂತ ನೋಡಿ ಬೆಳೆದವನು. ಪಕ್ಕದವರ ಬೇಲಿಗೆ ಒಂದು ಮೇಕೆ ನುಗ್ಗದಂತೆ ನೋಡಿಕೊಳ್ಳಲು ಅಕ್ಕನಿಗೆ ಇಡೀ ದಿನ ಬೇಕಾಗುತ್ತಿತ್ತು. ಇಲ್ಲಿ ಒಂದು ಇಡೀ ಊರು, ಮೇಕೆಯಿಂದಲೇ ಅನ್ನ ಕಾಣುವ ಊರು, ಅಜ್ಜಂದಿರ ಕಾಲದಿಂದ ಬೇಲಿಯೇ ಇಲ್ಲದೆ ಈ ಕಣಿವೆಯನ್ನು ಕಾದಿದೆ. ಮಳೆ ಕೈಕೊಟ್ಟ ವರ್ಷಗಳಲ್ಲೂ. ಆ ಮರಗಳ ಎತ್ತರ ಎಲ್ಲಿಂದ ಬಂತು ಅಂತ ನನಗೆ ಅರ್ಥವಾದದ್ದು ಆಗ.

ಸಿಂಚನಾ ನನ್ನ ಕಡೆ ನೋಡಲಿಲ್ಲ. “ಪಪ್ಪಾ, ನೀವು ಪ್ರಾಮಿಸ್ ಮಾಡಿದ್ರಿ ನಾ?” ಅಂದಳು, ಅಷ್ಟೇ. ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಕ್ಸ್ ಅನ್ನಲು ಬಾಯಿ ತೆರೆದೆ. ಅವಳು ಅಷ್ಟರಲ್ಲಿ ಟೊಂಗೆಯನ್ನು ತೆಗೆದುಕೊಂಡಿದ್ದಳು. ಇಬ್ಬರೂ ಮತ್ತೆ ಇಳಿದೆವು. ಈ ಸಲ ತಾಊಜಿಯೂ ಜೊತೆಗೆ ಬಂದರು. ಅವರು ನಡೆಯುವ ರೀತಿ ನೋಡಿದೆ. ಬನಿಯ ಒಳಗೆ ಕಾಲಿಟ್ಟ ಕೂಡಲೇ ಎರಡೂ ಕೈ ಬೆನ್ನ ಹಿಂದೆ ಹೋದವು. ಅಲ್ಲಿಯವರೆಲ್ಲ ಹಾಗೆಯೇ ನಡೆಯುತ್ತಾರಂತೆ. ಕೈಯನ್ನು ನಂಬಬಾರದಂತೆ! ಸಿಂಚನಾ ಟೊಂಗೆಯನ್ನು ಅದೇ ಮರದ ಬುಡದಲ್ಲಿಟ್ಟು ತಾನೂ ಕೈ ಹಿಂದೆ ಕಟ್ಟಿಕೊಂಡಳು. ಆಮೇಲೆ ನಾನೂ.

ಮನೆಗೆ ಬಂದಮೇಲೂ ಬೇವಿನ ಎಲೆ ಹಾಕು ಅಂದೆ. ಅವಳು ಕೇಳಲಿಲ್ಲ. ಹತ್ತನೇ ಹಾಳೆಯ ಲೇಬಲ್ಲಿನಲ್ಲಿ ಧೌ ಅಂತ ಬರೆದು, ಎಲೆ ಅಂಟಿಸುವ ಜಾಗವನ್ನು ಹಾಗೆಯೇ ಬಿಟ್ಟಳು.

ಮೊನ್ನೆ ಫೈಲು ವಾಪಸ್ ಬಂತು. ಇಪ್ಪತ್ತಕ್ಕೆ ಹದಿನೆಂಟು. ಈ ಸಲ ಫಸ್ಟ್ ಕೈತಪ್ಪುತ್ತದೆ. ಅವಳು ಊಟ ಮಾಡಿ ಆರಾಮಾಗಿ ಮಲಗಿದಳು. ಎರಡು ಮಾರ್ಕ್ಸಿನ ದುಃಖ ನನಗೊಬ್ಬನಿಗೇ. ಖಾಲಿ ಹಾಳೆಯ ಮೇಲೆ ಟೀಚರ್ ಕೆಂಪು ಪೆನ್ನಿನಲ್ಲಿ ಕೇಳಿದ್ದಾರೆ: ಸ್ಪೆಸಿಮನ್ ಎಲ್ಲಿ?

ಅಲ್ಲೇ ಇದೆ ಮೇಡಂ, ಎರಡು ಮಹಡಿ ಎತ್ತರಕ್ಕೆ. ಬನ್ನಿ, ತೋರಿಸುತ್ತೇನೆ, ಆದರೆ ಕೈ ಹಿಂದೆ ಕಟ್ಟಿಕೊಂಡು ಬರಬೇಕು.