ಗೊತ್ತಿದ್ದವನೂ ನಡೆದವಳೂ

ಶಿಕಾರಿಪುರ, ಸೊರಬ ಸೀಮೆಯಲ್ಲಿ ತತ್ತ್ವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳುವ ವಿದ್ಯಾರ್ಥಿಗಳಲ್ಲಿ ಎರಡು ಬಗೆ. ಬೇರೆ ಯಾವ ವಿಷಯದಲ್ಲೂ ಸೀಟು ಸಿಗದೆ ಬಂದವರು ಒಂದು ಬಗೆ. ಅಕ್ಕನೋ ಅಣ್ಣನೋ ಡಾ. ನೀಲಾಂಬಿಕ ಅವರ ಪಾಠ ಕೇಳಿಕೊಂಡು ಬಂದು ಊಟದ ಹೊತ್ತಿನಲ್ಲಿ ಮನೆಮಂದಿಯ ತಲೆ ತಿಂದದ್ದರಿಂದ ಕುತೂಹಲ ಹುಟ್ಟಿ ಬಂದವರು ಇನ್ನೊಂದು ಬಗೆ. ಮೊದಲ ಬಗೆಯಲ್ಲಿ ಬಂದವರು ಪದವಿ ಮುಗಿಸುವಷ್ಟರಲ್ಲಿ ಎರಡನೆಯ ಬಗೆಯವರ ಅಕ್ಕಂದಿರೂ ಅಣ್ಣಂದಿರೂ ಆಗಿಬಿಡುತ್ತಿದ್ದರು. ಈ ಸೀಮೆಯ ಎಷ್ಟೋ ಅಡುಗೆಮನೆಗಳಲ್ಲಿ ಇಂದಿಗೂ ತರ್ಕ ನಡೆಯುತ್ತಿದ್ದರೆ ಅದರ ಪುಣ್ಯಪಾಪಗಳೆರಡೂ ಮೇಡಂ ಅವರಿಗೇ ಸೇರಬೇಕು.

ದೇವರು ಮುಂದಾಗುವುದನ್ನೆಲ್ಲ ಬಲ್ಲವನಾದರೆ, ಮನುಷ್ಯನು ತಾನೇ ಆರಿಸಿಕೊಂಡೆನೆಂದು ಹೇಳುವ ಮಾತಿಗೆ ಅರ್ಥವೇನು? ಅವರ ಪಿಎಚ್.ಡಿ. ಪ್ರಬಂಧದ ವಸ್ತು ಇದೇ. ಹಾಗೆಂದು ಅದನ್ನು ಅವರು ಗ್ರಂಥಾಲಯದಲ್ಲಿ ಕಂಡುಕೊಂಡವರಲ್ಲ. ಉಡುತಡಿಯಲ್ಲಿ, ಊರಾಚೆಯ ಸಣ್ಣ ಈಶ್ವರನ ಗುಡಿಯಲ್ಲಿ, ಪೂಜೆಯ ಸದಾಶಿವಪ್ಪನವರ ಮಗಳಾಗಿ ಲಂಗ ಎತ್ತಿ ಕಟ್ಟಿಕೊಂಡು ನೀರು ಹೊರುತ್ತಿದ್ದ ದಿನಗಳಲ್ಲೇ ಅದು ಅವರ ಹೆಗಲೇರಿತ್ತು.

ಆ ಗುಡಿಯಲ್ಲಿ ಹೂ ಕೇಳುವ ಪದ್ಧತಿ. ಸಂಬಂಧ ಕುದುರಿಸುವವರು, ಬೋರ್‌ವೆಲ್ ತೆಗೆಸುವವರು, ಕಾಯಿಲೆ ಬಿದ್ದವರು ಬಂದು ಕೂತರೆ, ಸದಾಶಿವಪ್ಪನವರು ಲಿಂಗದ ಎರಡೂ ಬದಿಗೆ ಒದ್ದೆ ಹೂಗಳನ್ನು ಅಂಟಿಸಿ ಅವರ ಪ್ರಶ್ನೆಯನ್ನು ದೇವರ ಮುಂದೆ ಹೇಳುತ್ತಿದ್ದರು. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಒಂದು ವಿಷಯಕ್ಕೆ ಒಂದೇ ಸಲ. ಎರಡನೆಯ ಸಲ ಕೇಳಿದರೆ ದೇವರನ್ನು ನಂಬಲಿಲ್ಲವೆಂದು ಅರ್ಥ.

ಎಡಗಡೆ ಹೂ ಬಿದ್ದವರ ಸಪ್ಪೆ ಮೋರೆ ನೋಡಿ ನೋಡಿ ಹುಡುಗಿ ನೀಲಾಂಬಿಕಳಿಗೆ ಸಾಕಾಗಿತ್ತು. ಹೂ ತೊಯಿಸಿ ಕೊಡುವ ಕೆಲಸ ಅವಳದ್ದೇ ಅಲ್ಲವೇ? ಎಡಗಡೆಯದನ್ನು ಚೆನ್ನಾಗಿ ನೆನೆಸಿ, ಬಲಗಡೆಯದರ ನೀರನ್ನು ಲಂಗಕ್ಕೆ ಒರೆಸಿ ಕೊಡತೊಡಗಿದಳು. ಒಂದು ಶ್ರಾವಣವಿಡೀ ಈಶ್ವರ ಯಾರಿಗೂ ಇಲ್ಲ ಎನ್ನಲಿಲ್ಲ. ಊರು ಖುಷಿಯಾಯಿತು, ಸದಾಶಿವಪ್ಪನವರಿಗೆ ಮಾತ್ರ ಯಾಕೋ ಸರಿಬೀಳಲಿಲ್ಲ. ಒಂದು ದಿನ ಮಗಳ ಲಂಗದ ತೇವ ನೋಡಿ ಗುಟ್ಟು ಹಿಡಿದು ಚೆನ್ನಾಗಿ ಬೈದರು.

"ದೇವ್ರಿಗೇ ಮೋಸ ಮಾಡ್ತಿಯೇನ? ನೀ ಹಿಂಗ ಮಾಡ್ತಿ ಅಂತ ಅವ್ನಿಗೆ ಮೊದ್ಲೇ ಗೊತ್ತಿತ್ತು, ತಿಳ್ಕೋ!"

"ಗೊತ್ತಿದ್ರೆ ನಂಗ್ಯಾಕ್ ಬೈತಿ ಅಪ್ಪಾ? ಅವ್ನಿಗೆ ಗೊತ್ತಿದ್ದಂಗೇ ಮಾಡೀನಿ."

ಸದಾಶಿವಪ್ಪನವರು ಇನ್ನೂ ನಾಲ್ಕು ಬೈದು, ಸಂಜೆ ಹೆಂಡತಿಯೊಡನೆ, "ಈಕೀನ್ನ ಓದ್ಸೋದೇ ಚಲೋ, ಮನ್ಯಾಗಿಟ್ಕೊಂಡ್ರೆ ನನ್ನ ಪೂಜಿ ಕೆಡಿಸ್ತಾಳ" ಎಂದರಂತೆ. ಒಬ್ಬ ಅಧ್ಯಾಪಕಿಯ ವೃತ್ತಿಜೀವನ ಹೀಗೆ ಬೈಗುಳದಿಂದ ಆರಂಭವಾಯಿತೆಂದು ಮೇಡಂ ತಾವೇ ನಗುತ್ತ ಹೇಳುತ್ತಿದ್ದರು.

ಮೊದಲ ನೇಮಕ ಸೊರಬದಲ್ಲಿ. ಶಿಕಾರಿಪುರದಿಂದ ಬೆಳಗಿನ ಬಸ್ಸು ಹಿಡಿದು ಹೋಗಿ, ಸಂಜೆ ಹಳ್ಳಿಯ ಹುಡುಗಿಯರೆಲ್ಲ ಅವರವರ ಬಸ್ಸು ಹತ್ತುವ ತನಕ ನಿಲ್ದಾಣದಲ್ಲೇ ನಿಂತು, ಕೊನೆಗೆ ತಮ್ಮ ಬಸ್ಸು ತಪ್ಪಿಸಿಕೊಂಡು ಯಾವುದೋ ಲಗೇಜು ಗಾಡಿಯಲ್ಲಿ ಮನೆ ಸೇರಿದ ದಿನಗಳು ಕಡಿಮೆಯಲ್ಲ. ಒಂದು ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಸುದ್ದಿ ಹಬ್ಬಿ, ಕ್ಯಾಸನೂರಿನಿಂದ ಬರುತ್ತಿದ್ದ ಹುಡುಗನೊಬ್ಬನ ಪಕ್ಕ ಯಾರೂ ಕೂರದಾದಾಗ, ಮೇಡಂ ತಮ್ಮ ಊಟದ ಡಬ್ಬಿ ತಂದು ಅವನ ಬೆಂಚಿನಲ್ಲೇ ಬಿಚ್ಚಿದರು. ಕಾಯಿಲೆ ಕಾಡಿನ ಉಣ್ಣಿ ಹುಳ ಕಚ್ಚಿ ಬರುವುದೇ ಹೊರತು ಹುಡುಗನಿಂದಲ್ಲ ಎಂದು ಭಾಷಣ ಮಾಡಬಹುದಿತ್ತು. ಮಾಡಲಿಲ್ಲ, ಅವನ ಡಬ್ಬಿಯ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡರು. ಮರುದಿನ ಅದೇ ಬೆಂಚಿಗೆ ಜಗಳ ಬಿತ್ತು.

ಮುಂದೆ ಶಿಕಾರಿಪುರದ ಕಾಲೇಜಿಗೆ ವರ್ಗವಾಗಿ ಬಂದರು. ಇಲ್ಲಿ ಅವರ ಇಚ್ಛಾಸ್ವಾತಂತ್ರ್ಯದ ಪಾಠವೆಂದರೆ ವಾಣಿಜ್ಯ ವಿಭಾಗದವರೂ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದರು. "ಉಳವಿ ಬಸ್ಸು ಇವತ್ತೂ ತಡವಾಗಿ ಬರುತ್ತದೆಂದು ನನಗೆ ಗೊತ್ತು. ನನಗೆ ಗೊತ್ತಿರುವುದರಿಂದ ಅದು ತಡವಾಗುತ್ತದೆಯೇ? ಡ್ರೈವರ್ ಚಹಾ ಕುಡಿಯುವುದು ಅವನ ಇಷ್ಟ. ದೇವರ ಅರಿವೂ ಹಾಗೆ, ನೋಡುವವನು ದೂಡುವವನಲ್ಲ" ಎನ್ನುತ್ತಿದ್ದರು. ಒಮ್ಮೆ ಅದೇ ಬಸ್ಸಿಳಿದು ತಡವಾಗಿ ಬಂದಿದ್ದ ರಕ್ಷಿತಾ ಎಂಬ ಉಳವಿಯ ಹುಡುಗಿ ಎದ್ದು ನಿಂತಳು.

"ಮೇಡಂ, ನಿಮಗೆ ಗೊತ್ತಿರೋದು ಒಂದಿನ ತಪ್ಪಬಹುದು. ಬಸ್ಸು ಟೈಮಿಗೆ ಬಂದ್ಬಿಡಬಹುದು. ದೇವ್ರಿಗೆ ಗೊತ್ತಿರೋದು ತಪ್ಪೋ ಹಂಗೇ ಇಲ್ಲ ಅಲ್ದಾ? ಹಂಗಾದ್ರೆ ಡ್ರೈವರ್ ಚಹಾ ಬಿಡೋ ಹಂಗೂ ಇಲ್ಲ."

ಮೇಡಂ ಸೀಮೆಸುಣ್ಣ ಕೆಳಗಿಟ್ಟು ಅವಳನ್ನೇ ನೋಡಿದರು. ಶತಮಾನಗಳಿಂದ ದಾರ್ಶನಿಕರ ನಿದ್ದೆ ಕೆಡಿಸಿದ ಆಕ್ಷೇಪವನ್ನು ಒಬ್ಬಳು ಹುಡುಗಿ ಬಸ್ಸಿನ ದೂಳು ಒರೆಸಿಕೊಳ್ಳುತ್ತ ಎತ್ತಿದ್ದಳು. ಅಂದು ಇಡೀ ತರಗತಿಗೆ ಕ್ಯಾಂಟೀನಿನಲ್ಲಿ ಮಿರ್ಚಿ ಕೊಡಿಸಿದರು. ಆ ಸಂತೋಷವನ್ನು ಕಂಡ ನಾವು ಯಾರೂ ಅದನ್ನು ಮರೆತಿಲ್ಲ.

ಅದೇ ರಕ್ಷಿತಾ, ವರ್ಷ ತುಂಬುವ ಮೊದಲೇ, ಅಳುತ್ತ ಸ್ಟಾಫ್ ರೂಮಿಗೆ ಬಂದಳು. ಅವಳ ತಾಯಿ ವೀರಮ್ಮನವರ ಹೃದಯದ ಕವಾಟ ಕೆಟ್ಟಿತ್ತು. ಶಸ್ತ್ರಚಿಕಿತ್ಸೆಯಾಗಬೇಕು, ಅಪಾಯವೂ ಇದೆ, ಬಿಟ್ಟರೆ ಹೆಚ್ಚು ಕಾಲವಿಲ್ಲ ಎಂದು ಡಾಕ್ಟರು ಹೇಳಿದ್ದರು. ತಂದೆ ರಾಮಪ್ಪನವರು ಉಡುತಡಿಗೆ ಹೋಗಿ ಹೂ ಕೇಳಿದ್ದರು. ಎಡಗಡೆಯ ಹೂ ಬಿತ್ತು. ಇನ್ನು ಆಸ್ಪತ್ರೆಯ ಮಾತೇ ಬೇಡ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಮೇಡಂ ಅಂದೇ ಸಂಜೆ ತವರಿಗೆ ಹೋದರು. ಮುಪ್ಪಾಗಿದ್ದ ಸದಾಶಿವಪ್ಪನವರು ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಮತ್ತೊಮ್ಮೆ ಹೂ ಕೇಳಬಹುದೇ ಎಂದರೆ ತಲೆಯಾಡಿಸಿದರು. "ಹೂ ಬಿದ್ದದ್ದು ನಾ ನೋಡೀನಿ, ಸುಳ್ಳ್ಯಾಕ್ ಹೇಳ್ಲಿ. ಆದ್ರ ಒಂದ್ ಮಾತು ಕೇಳವ್ವ. ಗುಣ ಆಗ್ತಾಳೇನು ಅಂತ ಕೇಳಿದ್ರು, ಕರ್ಕೊಂಡ್ ಹೋಗ್ಲೇನು ಅಂತ ಅಲ್ಲ. ಅವ್ರೇ ಎರಡೂ ಒಂದೇ ಅನ್ಕೊಂಡು ಎದ್ದು ಹೋದ್ರು. ಮಂದಿ ಯಾವಾಗ್ಲೂ ಹಂಗೇ ಮಾಡ್ತಾರ."

ಆ ಭಾನುವಾರ ಮೇಡಂ ಉಳವಿಗೆ ಹೋಗಿ ರಾಮಪ್ಪನವರ ಎದುರು ಕೂತು ಇದನ್ನೇ ಬಿಡಿಸಿ ಹೇಳಿದರು. ಏನಾಗುತ್ತದೆ ಎಂಬುದು ಒಂದು ಪ್ರಶ್ನೆ, ಏನು ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯದು ದೇವರದ್ದು, ಎರಡನೆಯದು ನಮ್ಮದು. ರಾಮಪ್ಪನವರು ಒಪ್ಪಲಿಲ್ಲ.

"ಗುಣ ಆಗಲ್ಲ ಅಂತ ಅವ್ನಿಗೆ ಗೊತ್ತಿದ್ಮೇಲೆ ಕರ್ಕೊಂಡು ಹೋಗೋದ್ಯಾಕೆ ಮೇಡಂ? ಸುಮ್ನೆ ಕೊಯ್ಸೋಕಾ?"

"ವೀರಮ್ಮನವರನ್ನು ಕೇಳಿದ್ರಾ?"

ಅವರನ್ನು ಯಾರೂ ಕೇಳಿರಲಿಲ್ಲ. ಡಾಕ್ಟರನ್ನು ಕೇಳಿದ್ದರು, ನೆಂಟರನ್ನು ಕೇಳಿದ್ದರು, ದೇವರನ್ನೂ ಕೇಳಿದ್ದರು. ನಡುಮನೆಯ ಬಾಗಿಲಿಗೆ ಒರಗಿ ಕೂತಿದ್ದ ವೀರಮ್ಮ, ಉಸಿರು ಕೂಡಿಸಿಕೊಂಡು, "ಹೋಗ್ತೀನ್ರೀ" ಎಂದರು. "ದೇವ್ರಿಗೆ ಗೊತ್ತಿರೋದು ಅವ್ನತ್ರ ಇರ್ಲಿ. ನಂಗಂತೂ ಗೊತ್ತಿಲ್ಲ. ಗೊತ್ತಿಲ್ದಿರೋಳು ಹೋಗಿ ನೋಡ್ಬೇಕಪ್ಪ."

ಹೋದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ವಾರದೊಳಗೆ ಸೋಂಕು ತಗುಲಿ ವೀರಮ್ಮ ತೀರಿಕೊಂಡರು. ಮಣ್ಣಿಗೆ ಹೋಗಿದ್ದ ಮೇಡಂ ಅವರನ್ನು ಕಂಡು ರಾಮಪ್ಪನವರು ಎಲ್ಲರೆದುರು ಹೇಳಿದ ಮಾತು ಇಷ್ಟೇ: "ದೇವ್ರು ಹೇಳಿದ್ದ. ಈ ಮೇಡಂ ಕೇಳ್ಲಿಲ್ಲ."

ಅಂದಿನಿಂದ ಮೇಡಂ ಬದಲಾದರು. ಅವರ ಹಳೆಯ ವಿದ್ಯಾರ್ಥಿಗಳಾದ ನಾವು ತರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ಇದನ್ನೆಲ್ಲ ಬರೆಯಬೇಕೇ ಎಂದು ಕೆಲವರು ಹಿಂಜರಿದರು. ಬರೆಯದಿದ್ದರೆ ಅಭಿನಂದಿಸುವುದು ಯಾರನ್ನು ಎಂಬುದು ನಮ್ಮ ಪ್ರಶ್ನೆ. ಇಚ್ಛಾಸ್ವಾತಂತ್ರ್ಯದ ಪಾಠವನ್ನು ಅವರು ಕಿರಿಯ ಸಹೋದ್ಯೋಗಿ ತೀರ್ಥೇಶ್ ಅವರಿಗೆ ಒಪ್ಪಿಸಿಬಿಟ್ಟರು. ಉಳಿದುದನ್ನು ಮೊದಲಿನಷ್ಟೇ ಶ್ರದ್ಧೆಯಿಂದ ಕಲಿಸಿದರು. ಆದರೆ ಯಾವ ಕೋರ್ಸು ಸೇರಲಿ, ಬಂದ ಸಂಬಂಧ ಒಪ್ಪಲೇ, ಮನೆಯಲ್ಲಿ ಹೇಗೆ ಹೇಳಲಿ ಎಂದು ಕೇಳಿಕೊಂಡು ಬರುವ ಮಕ್ಕಳಿಗೆ, ಹಿಂದೆ ಗಂಟೆಗಟ್ಟಲೆ ಕೂತು ಬುದ್ಧಿ ಹೇಳುತ್ತಿದ್ದವರು, "ನೋಡಮ್ಮ, ನಿನ್ನಿಷ್ಟ" ಎಂದು ಕಳಿಸತೊಡಗಿದರು. ಒಬ್ಬರ ಬದುಕಿನಲ್ಲಿ ತಮ್ಮ ಒಂದು ಮಾತು ಬೀಳುವುದೆಂದರೆ ಅವರಿಗೆ ಹೆದರಿಕೆಯಾಗುತ್ತಿತ್ತು. ತೀರ್ಥೇಶ್ ಒಮ್ಮೆ ಧೈರ್ಯ ಮಾಡಿ, "ನಿಮ್ಮ ವಾದದಲ್ಲಿ ತಪ್ಪಿರಲಿಲ್ಲ ಮೇಡಂ" ಎಂದಾಗ, "ವಾದ ಸರಿಯಿತ್ತಪ್ಪ. ಅವರನ್ನು ಕಳಿಸಿದ್ದು ನಾನು" ಎಂದು ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೊರಟರಂತೆ.

ರಕ್ಷಿತಾಳನ್ನು ತಂದೆ ಕಾಲೇಜು ಬಿಡಿಸಿದ್ದರು. ಹಳೆಯ ಮೇಡಂ ಆಗಿದ್ದರೆ ಮರುದಿನವೇ ಉಳವಿ ಬಸ್ಸು ಹತ್ತುತ್ತಿದ್ದರು. ಈಗ ಹತ್ತಲಿಲ್ಲ, ಅವಳ ಹೆಸರನ್ನು ಹಾಜರಿಯಿಂದ ಹೊಡೆದುಹಾಕಲು ಮಾತ್ರ ಒಪ್ಪಲಿಲ್ಲ, ದಿನವೂ ಕೂಗಿ, ಉತ್ತರಕ್ಕೆ ಒಂದು ಗಳಿಗೆ ಕಾದು, ಮುಂದಿನ ಹೆಸರಿಗೆ ಹೋಗುತ್ತಿದ್ದರು. ಮುಂದಿನ ಜೂನ್‌ನಲ್ಲಿ ಹುಡುಗಿ ತಾನಾಗಿಯೇ ಬಂದು ಬೆಂಚಿನಲ್ಲಿ ಕೂತಳು. ಅಪ್ಪನನ್ನು ಹೇಗೆ ಒಪ್ಪಿಸಿದೆ ಎಂದು ಮೇಡಂ ಕೇಳಲಿಲ್ಲ. ಅವಳ ಹಾಸ್ಟೆಲಿನ ವ್ಯವಸ್ಥೆಯಿಂದ ಹಿಡಿದು ಬಿ.ಎಡ್. ಪ್ರವೇಶದವರೆಗೆ ಎಲ್ಲದರ ಹಿಂದೆ ಒಬ್ಬರ ಕೈ ಇತ್ತೆಂಬುದು ಕಾಲೇಜಿಗೆಲ್ಲ ತಿಳಿದಿತ್ತು. ರಾಮಪ್ಪನವರಿಗೂ ತಿಳಿದಿತ್ತೆಂದು ಕಾಣುತ್ತದೆ. ಆದರೂ ಪೇಟೆಯಲ್ಲಿ ಎದುರಾದರೆ ಅವರು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು, ಮೇಡಂ ನಿಂತು ಅವರನ್ನು ದಾಟಗೊಡುತ್ತಿದ್ದರು.

ಸದಾಶಿವಪ್ಪನವರು ತೀರಿಕೊಂಡರು. ರಕ್ಷಿತಾ ಸೊರಬದ ಕಡೆ ಒಂದು ಹೈಸ್ಕೂಲಿಗೆ ಟೀಚರಾಗಿ ಸೇರಿದಳು. ಕಾಲೇಜಿನ ಮುಂದಿನ ಬೇವಿನ ಮರ ಕಡಿದು ಬೈಕು ನಿಲ್ಲಿಸಲು ಶೀಟು ಹಾಕಿದರು, ನಾವೆಲ್ಲ ಕನ್ನಡಕದ ನಂಬರು ಏರಿಸಿಕೊಂಡೆವು. ಕಳೆದ ಮೇ ತಿಂಗಳ ಕೊನೆಗೆ ಮೇಡಂ ಅವರ ನಿವೃತ್ತಿಯಾಯಿತು.

ಬೀಳ್ಕೊಡುಗೆಯ ದಿನ ಸಭಾಂಗಣದ ಹಿಂದಿನ ಸಾಲಿನಲ್ಲಿ, ಬಿಳಿ ಅಂಗಿ ತೊಟ್ಟು ಟವೆಲ್ಲನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ರಾಮಪ್ಪನವರು ಕೂತಿದ್ದುದನ್ನು ಮೊದಲು ಕಂಡವರು ತೀರ್ಥೇಶ್. ಮಗಳು ಕರೆತಂದಿರಬೇಕೆಂದು ನೋಡಿದರೆ ರಕ್ಷಿತಾಳಿಗೇ ಅಚ್ಚರಿಯಾಗಿತ್ತು. ಹಾರಗಳು, ಶಾಲು, ಪ್ರಾಂಶುಪಾಲರ ದೀರ್ಘ ಭಾಷಣ ಎಲ್ಲ ಮುಗಿದು, ಬೇರೆ ಯಾರಾದರೂ ಮಾತಾಡುವವರಿದ್ದರೆ ಬರಬಹುದೆಂದು ವಾಡಿಕೆಗೆ ಹೇಳಿದಾಗ ಅವರು ಎದ್ದರು. ಮೇಡಂ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದುಕೊಂಡದ್ದನ್ನು ವೇದಿಕೆಯಲ್ಲಿದ್ದವರೆಲ್ಲ ಕಂಡರು.

ಮೈಕು ಎಷ್ಟು ದೂರ ಹಿಡಿಯಬೇಕೆಂದು ರಾಮಪ್ಪನವರಿಗೆ ತಿಳಿಯಲಿಲ್ಲ. ಸಭೆಯ ಕಡೆ ನೋಡದೆ, ಮೇಡಂ ಕಡೆಗೇ ತಿರುಗಿ ಮಾತಾಡಿದರು.

"ಆಸ್ಪತ್ರೇಲಿ ಒಳಗೆ ಕರ್ಕೊಂಡು ಹೋಗೋಕೆ ಗಾಲಿ ಕುರ್ಚಿ ತಂದಿದ್ರು ಮೇಡಂ. ಅವ್ಳು ಬ್ಯಾಡ ಅಂದ್ಲು. ನಾ ಕೈ ಹಿಡ್ಕೊಂಡಿದ್ದೆ, ಬಿಡಿಸ್ಕೊಂಡ್ಲು. ಸೆರಗು ಸರಿ ಮಾಡ್ಕೊಂಡು ತಾನೇ ನಡ್ಕೊಂಡು ಹೋದ್ಲು. ನಾಕು ಹೆಜ್ಜೆ ಇಟ್ಟು ನಿಲ್ಲೋದು, ಉಸಿರು ತಗೊಳ್ಳೋದು, ಮತ್ತೆ ನಡೆಯೋದು. ಒಂದ್ಸಲನೂ ತಿರುಗಿ ನೋಡ್ಲಿಲ್ಲ. ಇಷ್ಟ್ ವರ್ಷ ನಾನು ನೀವೇ ಕಳಿಸಿದ್ರಿ ಅಂತಿದ್ದೆ. ಆಮೇಲೆ ದೇವ್ರೇ ಕರ್ಸ್ಕೊಂಡ ಅಂತಿದ್ದೆ. ಆ ತೀರ್ಮಾನಾನ ಇಬ್ರಿಗೂ ಕೊಟ್ಟೆ, ಅವ್ಳಿಗೇ ಕೊಡ್ಲಿಲ್ಲ. ದೇವ್ರಿಗೆ ಗೊತ್ತಿತ್ತೇನೋ ಮೇಡಂ, ಇರ್ಬೋದು. ಆದ್ರೆ ನಡೆದಿದ್ದು ನನ್ನ ಹೆಂಡ್ತಿ."

ಮೇಡಂ ಎದ್ದು ನಿಂತರು. ತಮಗೆ ಹಾಕಿದ್ದ ಹಾರ ತೆಗೆದು ಮೇಜಿನ ಮೇಲಿಟ್ಟು, ರಾಮಪ್ಪನವರಿಗೆ ಕೈಮುಗಿದು, ಮಗುವಿನ ಹಾಗೆ ಅತ್ತರು. ನಾವೂ ಅತ್ತೆವು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಪೂಜ್ಯ ಮೇಡಂ ಅವರ ಲೆಕ್ಕದಲ್ಲಿ ಇನ್ನೆಷ್ಟು ವರ್ಷಗಳಿವೆಯೋ, ಇನ್ನೆಷ್ಟು ಮಕ್ಕಳು ಅವರ ಬಾಗಿಲು ತಟ್ಟಲಿದ್ದಾರೋ, ಬಲ್ಲವನು ಒಬ್ಬನಿದ್ದರೆ ಅವನು ಬಲ್ಲ; ನಾವು ಅವನನ್ನು ಕೇಳಹೋಗುವುದಿಲ್ಲ. ಅವರು ನೂರು ತುಂಬಿ ಬಾಳಲಿ, ಬಂದವರಿಗೆಲ್ಲ ಮೊದಲಿನಂತೆ ಗಂಟೆಗಟ್ಟಲೆ ಬುದ್ಧಿ ಹೇಳಲಿ ಎಂದು ನಾವೆಲ್ಲ ಹಾರೈಸುತ್ತಿದ್ದೇವೆ, ಮತ್ತು ಈ ಹಾರೈಕೆಯನ್ನು ನಮ್ಮಿಂದ ಯಾರೂ ಮಾಡಿಸಿದ್ದಲ್ಲ.