ಶವಾಸನಕ್ಕೆ ಬೆಲ್ಲ, ನೀರು

ಬೆಳ್ತಂಗಡಿಗೆ ಬಂದ ಎರಡನೆಯ ಬೆಳಿಗ್ಗೆ ಜಗಲಿಯಲ್ಲಿ ಶವಾಸನದಲ್ಲಿದ್ದೆ. ಕಣ್ಣು ತೆರೆದರೆ ತಲೆಯ ಬಳಿ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ನಮ್ಮ ಧಾರವಾಡದಲ್ಲಿ ಹೀಗೆ ಮಲಗಿದವನ ತಲೆಯ ಬಳಿ ನೀರಿಟ್ಟರೆ ಅದರ ಅರ್ಥವೇ ಬೇರೆ. ದಡಬಡಿಸಿ ಎದ್ದೆ.

ರಾಜ್ಯ ಒಂದಾದ ಮೇಲೆ ಮಾಸ್ತರಿಕೆಯ ವರ್ಗಾವಣೆ ನನ್ನನ್ನು ಇಲ್ಲಿಗೆ ತಂದು ಹಾಕಿತ್ತು. ಹೆಂಡತಿ ಶಾಂತಾ ಬರಲಿಲ್ಲ. "ನಿಮ್ಮ ಸಿಟ್ಟು ಇಳೀಲಿ, ಆಮ್ಯಾಲೆ ಬರ್ತೀನಿ" ಎಂದು ಊರಿನ ಮನೆಯಲ್ಲೇ ಉಳಿದಳು. ಅದಕ್ಕೇ ಈ ಯೋಗಾಸನ. ಬಾಡಿಗೆಯ ಕೋಣೆಯಲ್ಲಿ ಕೈಕಾಲು ಚಾಚಲು ಜಾಗವಿಲ್ಲ, ಆದ್ದರಿಂದ ಜಗಲಿ.

ನೀರಿಟ್ಟವರು ಮನೆಯೊಡತಿ ದೇಜಕ್ಕ. "ಜಗಲಿಗೆ ಬಂದವರಿಗೆ ಆಸರಿಗೆ ಕೊಡದೆ ಇರ್ಲಿಕ್ಕೆ ಆಗ್ತದಾ ಮಾಷ್ಟ್ರೇ?" ಎಂದರು. ಆಸರಿಗೆ ಎಂದರೆ ದಣಿದು ಬಂದವರಿಗೆ ಕುಡಿಯಲು ಕೊಡುವುದು.

ಅಂದಿನಿಂದ ದಿನವೂ ಅದೇ. ಉಸಿರು ಹದಕ್ಕೆ ಬರುವ ಹೊತ್ತಿಗೆ ಚೊಂಬಿನ ಸದ್ದು, ಹಿಂದೆಯೇ ತುಳು ಬೆರೆತ ಮಾತು. ಧಾರವಾಡದಲ್ಲಿ ಮನುಷ್ಯ ಬಾಗಿಲು ಹಾಕಿಕೊಂಡು ಒಬ್ಬನೇ ಇರಬಹುದು, ಇಲ್ಲಿ ದಾರಿಹೋಕರೂ ನಿಂತು "ಮಾಷ್ಟ್ರಿಗೆ ಜ್ವರವಾ?" ಎನ್ನುತ್ತಾರೆ. ಮನಸ್ಸು ತಣ್ಣಗಾಗಲೆಂದು ಮಲಗಿ ಕುದಿಯುತ್ತಿದ್ದವನು ನಾನೊಬ್ಬನೇ ಇರಬೇಕು. ಒಮ್ಮೆ ಗದರಿಯೇಬಿಟ್ಟೆ. "ಬೆಲ್ಲ ಸಣ್ಣದಾಯಿತಾ?" ಎಂದು ಕೇಳಿ ದೇಜಕ್ಕ ಒಳಗೆ ಹೋದರು. ಮರುದಿನ ದೊಡ್ಡ ತುಂಡು ಬಂತು.

ಯೋಗದಿಂದ ಫಲವೇ ಇಲ್ಲವೆನ್ನಲಾರೆ. ಮೂರು ತಿಂಗಳಲ್ಲಿ ನಿದ್ದೆ ಬಂತು, ಬೆತ್ತ ಮೇಜಿನ ಮೇಲೆಯೇ ಉಳಿಯತೊಡಗಿತು. ಆದರೆ ಸಂಜೆ ಕುಚ್ಚಲಕ್ಕಿ ಗಂಜಿ ಕಂಡರೆ ಹಳೆಯ ಸಿಟ್ಟು ಮರಳುತ್ತಿತ್ತು. ಜೋಳದ ರೊಟ್ಟಿ ಬೇಡುವ ಬಾಯಿಗೆ ಯಾವ ಆಸನ?

ಅಷ್ಟರಲ್ಲಿ ಶಾಂತಾ ನನ್ನ ಸಿಟ್ಟಿನ ವಿಚಾರ ಕೇಳಿ ದೇಜಕ್ಕನಿಗೇ ಕಾಗದ ಬರೆದಳು.

"ಬೆಳಿಗ್ಗೆ ಒಳ್ಳೆಯವರು, ಸಂಜೆಯದ್ದು ಹೇಳ್ಲಿಕ್ಕೆ ಬರುವುದಿಲ್ಲ ಅಂತ ಬರೆದೆ. ಸುಳ್ಳು ಬರೀಲಿಕ್ಕೆ ಆಗ್ತದಾ?" ಎಂದರು ದೇಜಕ್ಕ. ನನ್ನ ಸಂಸಾರವನ್ನೇ ಅಂಚೆಗೆ ಹಾಕಿಬಂದಿದ್ದರು.

ಬೇಸಿಗೆ ರಜೆಗೆ ಧಾರವಾಡಕ್ಕೆ ಹೋದೆ. ಒಂದು ಸಂಜೆ ಪಡಸಾಲೆಯಲ್ಲಿ ಶವಾಸನಕ್ಕೆ ಮಲಗಿದೆ. ಯಾರೂ ಬರಲಿಲ್ಲ, ಯಾರೂ ಕೇಳಲಿಲ್ಲ. ಅಷ್ಟು ಬಯಸಿದ್ದ ಮೌನ ಸಿಕ್ಕಿತ್ತು, ಉಸಿರು ಮಾತ್ರ ಹದಕ್ಕೆ ಬರಲಿಲ್ಲ; ಕಿವಿ ಚೊಂಬಿನ ಸದ್ದಿಗೆ ಕಾಯುತ್ತಿತ್ತು. ಕೊನೆಗೆ ಶಾಂತಾಳನ್ನು ಕರೆದು ಬೆಲ್ಲ, ನೀರು ಕೇಳಿದೆ.

"ಮನ್ಯಾಗಿನವರಿಗೆ ಯಾರರೆ ಬೆಲ್ಲ, ನೀರು ಕೊಡ್ತಾರೇನ್ರಿ?" ಎನ್ನುತ್ತ ಬರೀ ನೀರು ತಂದಳು. "ಬೆಲ್ಲ" ಎಂದೆ, ಮೆಲ್ಲಗೆ. ಅವಳು ನನ್ನ ಮುಖವನ್ನೇ ನೋಡಿದಳು.

"ಸಂಜಿ ಆಗೇದ. ಇನ್ನೂ ಸಿಟ್ಟಿಗೆದ್ದಿಲ್ಲಲ್ಲ" ಎಂದವಳು ಒಳಗೆ ಹೋಗಿ ಅಟ್ಟದ ಮೇಲಿನ ಟ್ರಂಕು ಇಳಿಸಿದಳು.

ಹಿಗ್ಗಿದೆ. ಜೊತೆಗೇ ದೇಜಕ್ಕನ ಮೇಲೆ ಸಿಟ್ಟೂ ಬಂತು. ಹುಟ್ಟಿದ ಮನೆಯಲ್ಲೇ ನನ್ನನ್ನು ನೆಂಟನನ್ನಾಗಿ ಮಾಡಿಬಿಟ್ಟಿದ್ದರು.