ಸೇನಾಧಿಪತಿಯ ಬಾಯಲ್ಲಿ ಬಂದ ಮಾತು

ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ ಕಳೆದ ವಾರ ನನ್ನ ಹಿಂದಿನ ಸೀಟಿನ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಮನುಷ್ಯನ ತಂದೆ ಯಾರೆಂಬ ಬಗ್ಗೆ ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರಂತೆ ಜಗಳವಾಡುತ್ತಿದ್ದರು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಕೂಡ ನಿಂತು, "ಯಾರ ಮನೆ ವಿಷಯ ಮಾರಾಯ್ರೆ?" ಎಂದು ಕೇಳಿದ. ಆ ಮನುಷ್ಯ ನಮ್ಮ ಜಿಲ್ಲೆಯವನಲ್ಲ, ಈ ಭೂಮಿಯವನೂ ಅಲ್ಲ; ಭಾಗದ ಮೇಲೆ ಭಾಗ ಬರುತ್ತಲೇ ಇರುವ ಅಂತರಿಕ್ಷದ ಸಿನಿಮಾ ಸರಣಿಯೊಂದರ ಸೇನಾಧಿಪತಿ. ಅವನ ತಂದೆ ಯಾರೆಂದು ನನಗೆ ಗೊತ್ತಿತ್ತು. ಆ ತಂದೆಯನ್ನು ಹುಟ್ಟಿಸಿದವನೇ ನಾನು. ಆದರೂ ಕಿಟಕಿಯ ಹೊರಗೆ ನೋಡುತ್ತ ಕೂತೆ.

ನಾನು ಪತ್ರಿಕೆಯೊಂದರ ಸುದ್ದಿಮೇಜಿನವನು. ವರದಿಗಾರರ ಬರಹದಿಂದ ವಿಶೇಷಣಗಳನ್ನು ಕೀಳುವುದು, ಪ್ರತಿ ವಾಕ್ಯಕ್ಕೂ "ಇದನ್ನು ಯಾರು ಹೇಳಿದ್ದು?" ಎಂದು ಕೇಳುವುದು ನನ್ನ ನಿತ್ಯಕರ್ಮ. ಅಂಥವನು ತಲೆ ನರೆತ ಮೇಲೆ, ಇಲ್ಲದ ಗ್ರಹದ ಇಲ್ಲದ ಮನೆತನಕ್ಕೆ ವಂಶಾವಳಿ ಬರೆಯುತ್ತಾನೆಂದು ಕಚೇರಿಯಲ್ಲಿ ಹೇಳುವುದು ಹೇಗೆ? ಭಾನುವಾರ ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಮದುವೆಗೆ ಎನ್ನುತ್ತಿದ್ದೆ. ಆಷಾಢದಲ್ಲೂ ಹಾಗೆಂದು ಸಿಕ್ಕಿಬಿದ್ದದ್ದುಂಟು.

ಈ ಸರಣಿಗೆ ತಮ್ಮದೇ ಕಥೆ ಸೇರಿಸಿ ಬರೆಯುವ ನಮ್ಮ ಅಭಿಮಾನಿ ಬಳಗದ ನಿಯಮವನ್ನು ತಾಳಮದ್ದಳೆಯಿಂದ ಎರವಲು ತಂದಿದ್ದೇವೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಪದ್ಯವನ್ನು ತಿದ್ದುವಂತಿಲ್ಲ, ಅರ್ಥವನ್ನು ಸಾಮರ್ಥ್ಯವಿದ್ದಷ್ಟು ಬೆಳೆಸಬಹುದು. ಹಾಗೆಯೇ ಪರದೆಯ ಮೇಲೆ ಕಂಡದ್ದು ನಮಗೆ ಪದ್ಯ, ತೋರಿಸದೆ ಬಿಟ್ಟದ್ದೆಲ್ಲ ಅರ್ಥ. ಸೇನಾಧಿಪತಿ ಹುಟ್ಟಿದ ಗ್ರಹವನ್ನು ಯಾಕೆ ಬಿಟ್ಟ, ತಾಯಿಗೆ ಒಂದು ಸಂದೇಶವನ್ನೂ ಯಾಕೆ ಕಳಿಸಲಿಲ್ಲ ಎಂದು ಸಿನಿಮಾ ಹೇಳುವುದಿಲ್ಲ. ಆ ಖಾಲಿ ಜಾಗದಲ್ಲಿ ನಮ್ಮ ಸಂಸಾರ. ಬಳಗದ ಜಾಲತಾಣಕ್ಕೆ ನಾನು ಬರೆದ ಮೊದಲ ಅಧ್ಯಾಯದಲ್ಲಿ ಗ್ರಹವೊಂದು ಸ್ಫೋಟಗೊಂಡು, "ಸಾವುನೋವಿನ ವಿವರ ತಕ್ಷಣಕ್ಕೆ ಲಭ್ಯವಾಗಿಲ್ಲ" ಎಂಬಲ್ಲಿಗೆ ಮುಗಿದಿತ್ತು. ಬಳಗ ಇನ್ನೂ ಅದನ್ನು ನೆನೆದು ನಗುತ್ತದೆ.

ಈ ಆಷಾಢದ ಒಂದು ಭಾನುವಾರ ಕಾರ್ಕಳದಲ್ಲಿ, ಕಾಲೇಜು ಉಪನ್ಯಾಸಕ ಪ್ರಸನ್ನರ ಮನೆಯ ಚಾವಡಿಯಲ್ಲಿ ಕೂಟ. ಭಾಗವತಿಕೆ ಪ್ರಸನ್ನರದು, ಎಂದರೆ ಲ್ಯಾಪ್‌ಟಾಪಿನಲ್ಲಿ ದೃಶ್ಯ ಓಡಿಸಿ ನಿಲ್ಲಿಸುವುದು. ಸೇನಾಧಿಪತಿ ನಾನು. ತಾಯಿಯ ಪಾತ್ರ ಕಾಪುವಿನ ಶಾಲಾ ಶಿಕ್ಷಕಿ ಸಫಿಯಾ ಅವರದು. ಅವರು ತಮ್ಮ ತಾಯಿಯನ್ನೂ, ಅವರು ಕರೆಯುವಂತೆ ಉಮ್ಮನನ್ನೂ, ಕರೆತಂದಿದ್ದರು. ಚಹಾದ ಹೊತ್ತಿನಲ್ಲಿ ಸಫಿಯಾ ನನಗಷ್ಟೇ ಕೇಳುವಂತೆ ಹೇಳಿದರು: ಈ ಸಿನಿಮಾಗಳನ್ನು ಮನೆಗೆ ತಂದವನು ಅಣ್ಣ. ಅಪ್ಪನೊಡನೆ ಜಗಳವಾಡಿ ಗಲ್ಫಿಗೆ ಹೋದವನು ಆಮೇಲೆ ಫೋನು ಮಾಡಿಲ್ಲ. "ಉಮ್ಮ ಇದನ್ನು ನೋಡುವುದು ಅವನಿಗೋಸ್ಕರ ಸರ್, ಕಥೆಗಲ್ಲ."

ದೃಶ್ಯ ಓಡಿತು. ಹಡಗಿನ ಕಿಟಕಿಯಲ್ಲಿ ಸೇನಾಧಿಪತಿ ದೂರದ ತನ್ನ ಗ್ರಹವನ್ನು ನೋಡುವಲ್ಲಿ ಪ್ರಸನ್ನ ನಿಲ್ಲಿಸಿದರು.

"ಮಗನೇ, ಇಷ್ಟು ದೊಡ್ಡ ಹಡಗಿನಲ್ಲಿ ತಾಯಿಗೆ ಒಂದು ಮಾತು ಮುಟ್ಟಿಸುವ ಯಂತ್ರ ಇರಲಿಲ್ಲವೇ?" ಎಂದು ಸಫಿಯಾ ಆರಂಭಿಸಿದರು.

ನಾನು ಯುದ್ಧ, ಗೋಪ್ಯತೆ, ಶತ್ರುಗಳ ಕದ್ದಾಲಿಕೆ ಎಂದು ವಿವರಿಸಿದೆ.

"ಯಂತ್ರದ ಮಾತು ಸಾಕು. ನನ್ನ ಮುಖ ನೆನಪುಂಟೋ, ಇಲ್ಲವೋ?"

ಅಭ್ಯಾಸಬಲ. "ಅದಕ್ಕೆ ಈವರೆಗಿನ ಯಾವ ಭಾಗದಲ್ಲೂ ಆಧಾರ ಸಿಗುವುದಿಲ್ಲ" ಎಂದುಬಿಟ್ಟೆ.

ಚಾವಡಿ ಗೊಳ್ಳೆಂದಿತು. "ಸರ್, ಇದು ಅರ್ಥವೋ ಪತ್ರಿಕಾಗೋಷ್ಠಿಯೋ?" ಎಂದರು ಪ್ರಸನ್ನ. ಉಮ್ಮ ಮಾತ್ರ ನಗಲಿಲ್ಲ. "ಇಲ್ವಾ?" ಎಂದರು. "ಅವನಿಗೆ ನೆನಪೇ ಇಲ್ವಾ?"

"ಉಮ್ಮ, ಇದು ಕಥೆ" ಎಂದರು ಸಫಿಯಾ.

"ಕಥೆ ಅಂತ ನನಗೂ ಗೊತ್ತುಂಟು. ಅವರು ಹೇಳಲಿ."

ಪ್ರೇಕ್ಷಕರು ಕೇಳಿದ್ದಕ್ಕೆ ಪಾತ್ರ ಉತ್ತರಿಸುವ ಕ್ರಮ ತಾಳಮದ್ದಳೆಯಲ್ಲಿಲ್ಲ. ನಾನು ಉತ್ತರಿಸಿದೆ. "ಉಂಟಮ್ಮ. ದಿನವೂ ನೆನಪಾಗುತ್ತದೆ. ಜಗಳ ಮಾಡಿ ಹೊರಟು ಬಂದವನು ನಾನು; ಈಗ ಯಾವ ಮಾತಿನಿಂದ ಶುರು ಮಾಡುವುದೆಂದು ತಿಳಿಯದೆ ಸುಮ್ಮನಿದ್ದೇನೆ."

ಚಪ್ಪಾಳೆ ಬಿತ್ತು. ಸಫಿಯಾ ತಟ್ಟಲಿಲ್ಲ. ಸಿನಿಮಾದಲ್ಲಿ ಎಲ್ಲೂ ಜಗಳವಿಲ್ಲವೆಂದು ನನ್ನಷ್ಟೇ ಅವರಿಗೂ ಗೊತ್ತು. ಅವರು ನಂಬಿ ಹೇಳಿದ ಮನೆಯ ಮಾತನ್ನು ಅರ್ಧ ಗಂಟೆಯೊಳಗೆ, ಹೆಸರೊಂದನ್ನು ಬಿಟ್ಟು, ಸಭೆಯಲ್ಲಿ ಪ್ರಕಟಿಸಿದ್ದೆ. ನನ್ನ ಮೇಜಿಗೆ ಯಾವ ವರದಿಗಾರ ಇಂಥದ್ದನ್ನು ತಂದಿದ್ದರೂ ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಬೈಯುತ್ತಿದ್ದೆ.

ಸಂಜೆ ಬಸ್ ನಿಲ್ದಾಣದಲ್ಲಿ ಕ್ಷಮೆ ಕೇಳಲು ಸಫಿಯಾರ ಬಳಿ ಹೋದರೆ, ಮಾತು ಶುರುಮಾಡಿದ್ದು ಉಮ್ಮ. "ನೀವು ಪೇಪರಿನವರಲ್ವಾ? ಗೊತ್ತಿಲ್ಲದೆ ಹೇಳಲಿಕ್ಕಿಲ್ಲ. ನಂಬರ್ ಉಂಟು, ಅವನೇ ಮಾಡಲಿ ಅಂತ ಕೂತದ್ದು ನಾನು. ಶುರು ಮಾಡ್ಲಿಕ್ಕೆ ಅವನಿಗೆ ಕಷ್ಟ ಅಂತಾದ್ರೆ ನಾನೇ ಮಾಡ್ತೇನೆ."

ನನಗೆ ಏನೂ ಗೊತ್ತಿಲ್ಲವೆಂದು ಆಗಲೇ ಹೇಳಬೇಕಿತ್ತು. ಸಫಿಯಾ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಅವರು ಫೋನು ತೆಗೆದು, ನಂಬರು ಒತ್ತಿ ಉಮ್ಮನ ಕೈಗಿಟ್ಟರು. ಗಂಟೆ ಬಡಿಯುವುದು ನನಗೂ ಕೇಳುತ್ತಿತ್ತು. ಆಧಾರವಿಲ್ಲದ ವಾಕ್ಯವೊಂದು ನಿಜವಾಗಲೆಂದು ನಾನು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡೆ.

ಆಚೆ ಯಾರೋ ಎತ್ತಿದರು; ಉಮ್ಮ ಮಗನ ಹೆಸರು ಹಿಡಿದು ಕರೆದರು. "ಉಮ್ಮ" ಎಂಬ ಒಂದು ದನಿ, ಆಮೇಲೆ ಏನೂ ಇಲ್ಲ.

ಉಮ್ಮ ಫೋನಿಗೆ ಬ್ಯಾರಿ ಭಾಷೆಯಲ್ಲಿ ನಿಧಾನವಾಗಿ ಹೇಳಿದರು. ಏನೆಂದು ಸಫಿಯಾರನ್ನು ಕಣ್ಣಿನಲ್ಲೇ ಕೇಳಿದೆ.

"ನೀನು ಮಾತಾಡಬೇಡ, ಇಲ್ಲಿ ಪೇಪರಿನವರು ನನಗೆ ಎಲ್ಲ ಹೇಳಿದ್ದಾರೆ, ಅಂತ" ಎಂದರು ಸಫಿಯಾ, ನಗದೆ.